ಇಬ್ಬರು ಮಕ್ಕಳಿಗೆ ಒಂದೇ ಕೋಣೆ: ಸಕ್ಷನ್, ಆಕ್ಸಿಜನ್ ಯಂತ್ರಗಳನ್ನು ಎಲ್ಲಿಡುವುದು, ಎಷ್ಟು ಮರೆಮಾಡಬಹುದು?

ಮೈಸೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದ ಮಗಳಿಗೆ ಟ್ರೇಕಿಯಾಸ್ಟಮಿ ಆಗಿದೆ, ಅಂದರೆ ಉಸಿರಾಡಲು ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಇಟ್ಟಿದ್ದಾರೆ, 5.0 ಅಳತೆಯದು. ಹೊಟ್ಟೆಯಲ್ಲಿ, ನೇರ ಒಳಗೆ ಆಹಾರ ಕೊಡಲು, ಫೀಡಿಂಗ್ ಬಟನ್ ಇದೆ. ರಾತ್ರಿ ಮಾತ್ರ ನಿಮಿಷಕ್ಕೆ ಅರ್ಧ ಲೀಟರ್ ಆಕ್ಸಿಜನ್. ಅವಳಿಗೂ ಹನ್ನೊಂದು ವರ್ಷದ ಅಕ್ಕನಿಗೂ ಒಂದೇ ಕೋಣೆ: 10×11 ಅಡಿ, ಬಾಡಿಗೆ ಮನೆ, ಗೋಡೆಗೆ ಡ್ರಿಲ್ ಹೊಡೆಯುವಂತಿಲ್ಲ.

ಕೋಣೆಯಲ್ಲಿ ಈಗ ಇರುವುದು ಇಷ್ಟು: ಗಾಳಿಯಿಂದ ಆಕ್ಸಿಜನ್ ಕೊಡುವ 5 ಲೀಟರ್ ಕಾನ್ಸಂಟ್ರೇಟರ್, ಬಿ ಟೈಪ್ ಆಕ್ಸಿಜನ್ ಸಿಲಿಂಡರ್, ಕಫ ಎಳೆಯುವ ಸಕ್ಷನ್ ಯಂತ್ರ, ನೆಬುಲೈಸರ್, ಬೆರಳಿಗೆ ಹಾಕುವ ತಂತಿಯ ಆಕ್ಸಿಮೀಟರ್, ಫೀಡ್ ಚೀಲ ನೇತುಹಾಕುವ ಸ್ಟ್ಯಾಂಡ್, ಆರೇಳು ರಟ್ಟಿನ ಡಬ್ಬಗಳ ತುಂಬ ಕ್ಯಾಥೆಟರ್ (ಕಫ ಎಳೆಯುವ ತೆಳು ಕೊಳವೆ), ಸಿರಿಂಜ್, ಹತ್ತಿಬಟ್ಟೆ. ಮಕ್ಕಳಿಬ್ಬರೂ "ಇದು ನಮ್ಮ ರೂಮಲ್ಲ, ವಾರ್ಡು" ಅನ್ನುತ್ತಿದ್ದಾರೆ. ದೊಡ್ಡವಳು ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದಾಳೆ.

ಕಾನ್ಸಂಟ್ರೇಟರನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಬಹುದೇ? ಸಿಲಿಂಡರಿಗೆ, ಸಕ್ಷನ್‌ಗೆ ಬಟ್ಟೆಯ ಕವರ್ ಹೊಲಿಸಿದರೆ ತೊಂದರೆಯೇ? ಕೊಳವೆಯನ್ನು ಜಮಖಾನದ ಕೆಳಗೆ ಹಾಯಿಸಬಹುದೇ? ಕರೆಂಟ್ ಹೋದರೆ ಏನೇನು ಎಲ್ಲಿಂದ ಓಡಬೇಕು? ಗೊತ್ತಿರುವವರು ದಯವಿಟ್ಟು ಅಳತೆ ಸಮೇತ ಹೇಳಿ.

ಶ್ವಾಸ ಥೆರಪಿ, ಬೆಂಗಳೂರು

ಮೇಡಂ, ಮೊದಲು ಒಂದು ವಿಂಗಡಣೆ ಮಾಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಕೋಣೆಯಲ್ಲಿರುವ ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು, ಬೇಕಾದಾಗ ಎಷ್ಟು ಹೊತ್ತಿನಲ್ಲಿ ಸಿಗಬೇಕು ಎಂದು ಕೇಳಿ. ಹತ್ತು ಸೆಕೆಂಡಿನಲ್ಲಿ ಬೇಕಾದದ್ದನ್ನು ಮುಚ್ಚಲೇಬೇಡಿ. ಹತ್ತು ನಿಮಿಷದಲ್ಲಿ ಬೇಕಾದದ್ದು ಪರದೆಯ ಹಿಂದೆ ಇರಬಹುದು. ನಾಳೆಗೋ ಮುಂದಿನ ವಾರಕ್ಕೋ ಬೇಕಾದದ್ದು ಆ ಕೋಣೆಯಲ್ಲಿ ಇರಲೇಬೇಕಿಲ್ಲ. ನಿಮ್ಮ ಪಟ್ಟಿ ನೋಡಿದರೆ, ವಾರ್ಡಿನ ಹಾಗೆ ಕಾಣಿಸುತ್ತಿರುವುದು ಯಂತ್ರಗಳಿಂದಲ್ಲ. ಆ ರಟ್ಟಿನ ಡಬ್ಬಗಳಿಂದ ಮತ್ತು ವೈರುಗಳಿಂದ.

ಹತ್ತು ಸೆಕೆಂಡಿನ ಗುಂಪಿಗೆ ಬರುವುದು ಮೂರೇ: ಸಕ್ಷನ್ ಯಂತ್ರ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ತುರ್ತು ಚೀಲ. ತುರ್ತು ಚೀಲದಲ್ಲಿ 5.0 ಟ್ಯೂಬ್ ಒಂದು, ಅರ್ಧ ಅಳತೆ ಚಿಕ್ಕದಾದ 4.5 ಒಂದು, ಕುತ್ತಿಗೆ ಪಟ್ಟಿ, ತುದಿ ದುಂಡಗಿರುವ ಕತ್ತರಿ, ನೀರಿನಲ್ಲಿ ಕರಗುವ ಜೆಲ್, 10 ನಂಬರಿನ ಕ್ಯಾಥೆಟರ್ ಎರಡು, ಸಲೈನ್, ಕೈಗವಸು. ಕ್ಯಾಥೆಟರ್ ನಂಬರ್ ಸಾಮಾನ್ಯವಾಗಿ ಟ್ಯೂಬಿನ ಒಳ ಅಳತೆಯ ಎರಡರಷ್ಟು, ಹಾಗಾಗಿ 5.0ಕ್ಕೆ 10. ಈ ಚೀಲ ಮಂಚದ ತಲೆಬದಿಯಲ್ಲಿ, ನೀವು ಬಂದು ನಿಲ್ಲುವ ಕಡೆ, ಕೊಕ್ಕೆಗೆ ನೇತಾಡಲಿ. ಬಣ್ಣ ಕೆಂಪೋ ಹಳದಿಯೋ ಇರಲಿ, ಮಗಳಿಗೆ ಇಷ್ಟವಾದ ಚಿತ್ರ ಇರುವ ಶಾಲೆಚೀಲವೇ ಆಗಲಿ. ಆದರೆ ಅದೇ ಬಣ್ಣದ ಇನ್ನೊಂದು ಚೀಲ ಆ ಕೋಣೆಯಲ್ಲಿ ಇರಕೂಡದು. ಮರೆಮಾಡಲು ಹೋಗಿ ಎರಡು ಒಂದೇ ಥರದ ಚೀಲ ಇಟ್ಟರೆ, ರಾತ್ರಿ ಎರಡು ಗಂಟೆಗೆ ಕೈ ತಪ್ಪು ಚೀಲಕ್ಕೆ ಹೋಗುತ್ತದೆ.

ಅಂಬು ಬ್ಯಾಗನ್ನು ಡ್ರಾಯರಿನಲ್ಲಿ ಮಡಚಿ ತುರುಕಬೇಡಿ. ಅದು ತಾನಾಗಿ ಉಬ್ಬುವ ಚೀಲ. ತಿಂಗಳುಗಟ್ಟಲೆ ಒತ್ತಿಕೊಂಡೇ ಇದ್ದರೆ ಆಕಾರ ಕೆಟ್ಟು, ಒತ್ತಿ ಬಿಟ್ಟಾಗ ಪೂರ್ತಿ ಉಬ್ಬುವುದಿಲ್ಲ. ಅಗಲ ಬಾಯಿಯ ಬುಟ್ಟಿಯಲ್ಲಿ, ಮೇಲೆ ಏನೂ ಹೇರದೆ ಇಡಿ.

ಕಾನ್ಸಂಟ್ರೇಟರ್ ಕಪಾಟಿನೊಳಗೆ ಖಂಡಿತ ಬೇಡ. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು ನೈಟ್ರೋಜನ್ ಬೇರ್ಪಡಿಸುವ ಯಂತ್ರ. ಸುತ್ತ 30 ಸೆಂ.ಮೀ. ಖಾಲಿ ಜಾಗ ಬಿಡಿ. ಮುಚ್ಚಿದ ಕಪಾಟಿನಲ್ಲಿ ತಾನು ಬಿಟ್ಟ ಬಿಸಿಗಾಳಿಯನ್ನು ತಾನೇ ಮತ್ತೆ ಎಳೆಯುತ್ತದೆ, ಕಂಪ್ರೆಸರ್ ಕಾಯುತ್ತದೆ, ಆಕ್ಸಿಜನ್ ಶುದ್ಧತೆ ಇಳಿಯುತ್ತದೆ. ಮೀಟರಿನ ಗೋಲಿ ಮಾತ್ರ ಅರ್ಧ ಲೀಟರ್ ಅಂತಲೇ ತೋರಿಸುತ್ತಿರುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯ: ಯಂತ್ರವನ್ನು ಕೋಣೆಯಿಂದಲೇ ಹೊರಗೆ, ಹಜಾರಕ್ಕೋ ಪ್ಯಾಸೇಜಿಗೋ ತಂದುಬಿಡಿ. ಸದ್ದು 45 ಡೆಸಿಬೆಲ್ ಆಸುಪಾಸು ಇರುತ್ತದೆ, ಬಿಸಿಯೂ ಬೇರೆ. ಎರಡೂ ಮಕ್ಕಳ ನಿದ್ದೆಯಿಂದ ದೂರವಾಗುತ್ತದೆ. ಮಡಚಿದರೂ ದಾರಿ ಮುಚ್ಚಿಹೋಗದ, ನಕ್ಷತ್ರಾಕಾರದ ಒಳಕೊಳವೆ ಇರುವ ಉದ್ದ ಟ್ಯೂಬ್ ಸಿಗುತ್ತದೆ, 7 ಮೀಟರ್ ತೆಗೆದುಕೊಂಡರೆ ನಿಮ್ಮ ಮನೆಗೆ ಸಾಕು. 15 ಮೀಟರ್ ಮೀರಬಾರದು. ಹಾಕಿದ ದಿನ ಮಗುವಿನ ಕಡೆಯ ತುದಿಯಲ್ಲಿ ಹರಿವು ಅಷ್ಟೇ ಬರುತ್ತಿದೆಯೇ ಎಂದು ಸರಬರಾಜು ಮಾಡಿದವರಿಂದ ಮೀಟರ್ ಹಿಡಿಸಿ ನೋಡಿ. ಆಮೇಲೆ ದಿನಾ ರಾತ್ರಿ ತುದಿಯನ್ನು ಒಂದು ಲೋಟ ನೀರಿಗೆ ತಾಗಿಸಿ, ಗುಳ್ಳೆ ಬಂದರೆ ಒರೆಸಿ ಜೋಡಿಸಿ. ಹೊರಗಿಟ್ಟ ಯಂತ್ರದ ಅಲಾರಂ ನಿಮ್ಮ ಹಾಸಿಗೆಗೆ ಕೇಳಿಸಬೇಕು. ಎಲ್ಲ ಬಾಗಿಲು ಹಾಕಿ, ಫ್ಯಾನ್ ಹಾಕಿ, ಪ್ಲಗ್ ಕಿತ್ತು ಪರೀಕ್ಷಿಸಿ.

ಕೊಳವೆ ಜಮಖಾನದ ಕೆಳಗೆ ಬೇಡ. ಕಾಲಿಗೆ ಸಿಕ್ಕಿ ಅಪ್ಪಚ್ಚಿಯಾದರೆ ಕಾಣುವುದಿಲ್ಲ, ಸೋರಿದರೆ ಆಕ್ಸಿಜನ್ ಬಟ್ಟೆಯಲ್ಲಿ ಕೂತುಕೊಳ್ಳುತ್ತದೆ. ಗೋಡೆಯ ಬುಡದ ಸ್ಕರ್ಟಿಂಗ್ ಉದ್ದಕ್ಕೂ ಅಂಟಿಸುವ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ, ಎರಡು ಅಡಿಗೊಂದರಂತೆ, ಸಡಿಲವಾಗಿ ಕೂರಿಸಿ. ಮಂಚದ ಹತ್ತಿರ ಕೊಳವೆ ಒಂದು ಸುತ್ತು ಮಗುವಿನ ಎದೆಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿರಲಿ. ಆಕ್ಸಿಜನ್ನಿಗೆ ತೇವ ಕೊಡುವ ನೀರಿನ ಬಾಟಲಿ (ಹ್ಯುಮಿಡಿಫೈಯರ್) ಇದ್ದರೆ ಚಳಿಗಾಲದಲ್ಲಿ ಒಳಗೆ ನೀರು ಕಟ್ಟುತ್ತದೆ. ಆ ನೀರು ಜೋತ ಕಡೆ ನಿಲ್ಲಬೇಕು, ಗಂಟಲಿನ ಟ್ಯೂಬಿಗೆ ಇಳಿಯಬಾರದು.

ಅಲಂಕಾರದ ವಿಷಯದಲ್ಲಿ ಯಾರೂ ಎಚ್ಚರಿಸದ ಒಂದು ಮಾತು. ಈ ಮಗು ಮೂಗಿನ ಸೋಸುವಿಕೆ ಇಲ್ಲದೆ ನೇರ ಕುತ್ತಿಗೆಯಿಂದ ಉಸಿರಾಡುತ್ತದೆ. ಅಕ್ಕನ ಕ್ರಾಫ್ಟ್ ಗ್ಲಿಟರ್, ಚಮಕಿ, ಥರ್ಮಕೋಲ್ ಪುಡಿ, ಮಣಿ, ಟಾಲ್ಕಂ ಪೌಡರ್, ಉಣ್ಣೆ ಉದುರುವ ಗೊಂಬೆ, ಬಾಡಿ ಸ್ಪ್ರೇ ಇವು ಆ ಕೋಣೆಗೆ ಬೇಡ. ಅಕ್ಕನ ಕ್ರಾಫ್ಟಿಗೆ ಊಟದ ಮೇಜು ಬಿಟ್ಟುಕೊಡಿ. ಸಾಂಬ್ರಾಣಿ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ ಹೊಗೆಗೂ ಬೇಡ, ಬೆಂಕಿಗೂ ಬೇಡ. ದೇವರ ದೀಪ ಆಕ್ಸಿಜನ್ನಿನಿಂದ ಕನಿಷ್ಠ 3 ಮೀಟರ್ ದೂರ. ತುಟಿಗೆ, ಮೂಗಿಗೆ ವ್ಯಾಸಲೀನ್, ಕೊಬ್ಬರಿಎಣ್ಣೆ ಹಚ್ಚಬೇಡಿ. ಸ್ಯಾನಿಟೈಸರ್ ಹಾಕಿಕೊಂಡ ಕೈ ಪೂರ್ತಿ ಒಣಗಿದ ಮೇಲಷ್ಟೇ ಕೊಳವೆ ಮುಟ್ಟಿ. ಸೊಳ್ಳೆಗೆ ಪರದೆಯೇ ಒಳ್ಳೆಯದು. ಕೊಳವೆಯನ್ನು ಪರದೆಯ ತಲೆಬದಿಯ ಮೂಲೆಯಿಂದ ಒಳಗೆ ತಂದು, ಹಾಸಿಗೆಯ ಕೆಳಗೆ ಪರದೆ ಸಿಕ್ಕಿಸುವಾಗ ಅದನ್ನು ಜೊತೆಗೆ ಒತ್ತಿಬಿಡದಂತೆ ನೋಡಿಕೊಳ್ಳಿ.

ಹುಬ್ಬಳ್ಳಿ ಬಯೋಮೆಡಿಕಲ್

ಅಕ್ಕಾರ, ಕರೆಂಟಿನ ವಿಷಯ ನಾ ಹೇಳತೀನಿ. 5 ಲೀಟರಿನ ಕಾನ್ಸಂಟ್ರೇಟರ್ 350 ವ್ಯಾಟ್ ಆಸುಪಾಸು ತಗೋತೈತಿ. ಮನಿ ಯುಪಿಎಸ್ಸಿಗೆ 12 ವೋಲ್ಟಿನ 150 ಎಎಚ್ ಬ್ಯಾಟರಿ ಇದ್ರ ಲೆಕ್ಕಕ್ಕ 1800 ವ್ಯಾಟ್-ಅವರ್. ಅದರಾಗ ಖರೇನ ಕೈಗೆ ಸಿಗೂದು ಮೂರರಾಗ ಎರಡು ಪಾಲು. ಅಂದ್ರ ಕಾನ್ಸಂಟ್ರೇಟರ್ ಒಂದ ಹಚ್ಚಿದ್ರೂ ಮೂರು ತಾಸು, ಬ್ಯಾಟರಿ ಹಳೇದಾದ್ರ ಎರಡಕ್ಕ ಕೈ ಎತ್ತತೈತಿ. ಅದಕ್ಕ ನನ್ನ ಮಾತು: ಯುಪಿಎಸ್ಸಿಗೆ ಸಕ್ಷನ್, ಆಕ್ಸಿಮೀಟರ್, ಒಂದು ಸಣ್ಣ ದೀಪ ಇಷ್ಟ ಹಚ್ಚರಿ. ಕರೆಂಟ್ ಹೋದ್ರ ಆಕ್ಸಿಜನ್ ಸಿಲಿಂಡರಿನಿಂದ ತಗೋರಿ. ಬಿ ಟೈಪ್ ತುಂಬಿದ್ರ 1500 ಲೀಟರ್. ಅರ್ಧ ಲೀಟರಿನ ಹರಿವಿಗೆ ಲೆಕ್ಕದ ಪ್ರಕಾರ 50 ತಾಸು. ಕೊನಿಗೆ ಒಂದಿಷ್ಟು ಉಳಿಸಿ 40 ತಾಸು ಅಂತ ಹಿಡೀರಿ. ಆದ್ರ ಸಿಲಿಂಡರಿನ ಮೀಟರ್ 1 ಲೀಟರಿನಿಂದ ಶುರು ಆಗೂದಿರ್ತೈತಿ. ಅರ್ಧ ಲೀಟರ್ ಸರಿಯಾಗಿ ತೋರಸೂ ಮಕ್ಕಳ ಫ್ಲೋಮೀಟರ್ ಕೇಳಿ ತಗೋರಿ.

ಯುಪಿಎಸ್ ಪ್ಯೂರ್ ಸೈನ್ ವೇವ್ ಇರ್ಬೇಕು. ಸ್ಕ್ವೇರ್ ವೇವ್ ಆದ್ರ ಮೋಟಾರ್ ಗುಂಯ್ ಅನ್ನತೈತಿ, ಕಾಯತೈತಿ. ಹಿಂದಿನ ಬಟನ್ನು ಯುಪಿಎಸ್ ಮೋಡಿನ್ಯಾಗ ಐತೇನು ನೋಡ್ರಿ. ಮತ್ತ ಆ ಬ್ಯಾಟರಿ ಮಕ್ಕಳ ಕೋಣ್ಯಾಗ ಎಂದೂ ಇಡಬ್ಯಾಡ್ರಿ, ಚೆಂದನ ಪೆಟ್ಟಿಗಿ ಮಾಡಿಸಿ ಮುಚ್ಚಿದ್ರೂ ಬ್ಯಾಡ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡತೈತಿ. ಗಾಳಿ ಆಡೂ ಜಾಗದಾಗ, ಆಕ್ಸಿಜನ್ನಿನಿಂದ ದೂರ ಇರ್ಲಿ.

ಇನ್ನೊಂದು, ಇದು ಭಾಳ ಮನ್ಯಾಗ ಆಗೂದು. ನಮ್ಮ ಸಾಕೆಟ್ಟಿಗೆಲ್ಲ ಪಕ್ಕದಾಗ ಸ್ವಿಚ್ ಇರ್ತೈತಿ. ಫ್ಯಾನಿನ ಸ್ವಿಚ್ ಅಂತ ತಿಳದು ಯಾರರ ಕಾನ್ಸಂಟ್ರೇಟರ್ ಆರಿಸಿ ಬಿಡ್ತಾರ. ಎ.ಸಿ.ಗೆ ಹಾಕ್ತಾರಲ್ಲ, ಮುಚ್ಚಳ ಇರೂ ಎಂಸಿಬಿ ಬಾಕ್ಸ್, ಅದನ್ನ ಹಾಕಿಸ್ರಿ. ಬಾಡಿಗಿ ಮನಿ ಅಂತ ಬದಲಸಾಕ ಆಗ್ಲಿಲ್ಲಂದ್ರ ಸ್ವಿಚ್ಚಿನ ಮ್ಯಾಲೆ ಅಗಲ ಟೇಪ್ ಹಚ್ಚಿ, ಮಗಳ ಕೈಲೆ ಒಂದು ಚಿತ್ರ ಬರಿಸ್ರಿ. ಇಂಥಾ ಕಡೆ ಮಕ್ಕಳ ಚಿತ್ರ ಕೆಲಸಕ್ಕೂ ಬರ್ತೈತಿ, ಚೆಂದನೂ ಕಾಣತೈತಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಕಾನ್ಸಂಟ್ರೇಟರ್ ಹಚ್ಚಬ್ಯಾಡ್ರಿ, ಸೀದಾ ಗ್ವಾಡಿ ಸಾಕೆಟ್ಟಿಗೇ ಹಚ್ಚರಿ. ಬೋರ್ಡ್ ಹಾಸಗಿ ಕೆಳಗ ತಳ್ಳಿ ವೈರ್ ಮುಚ್ಚೂದಂತೂ ಬ್ಯಾಡೇ ಬ್ಯಾಡ, ಪ್ಲಗ್ ಸಡ್ಲಾದ್ರ ಅಲ್ಲೇ ಕಾಯತೈತಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ, ಆ ಕೋಣಿ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರ ಕರೆಂಟ್ ಸೋರಿದ್ರ ತಾನಾಗಿ ಲೈನ್ ಕಡಿಯೂ ಸ್ವಿಚ್, ಐತೇನು ಕೇಳ್ರಿ.

ಸಕ್ಷನ್ ಯಂತ್ರದ್ದು ಬ್ಯಾಟರಿ ಇರೂದಾದ್ರ ತಿಂಗಳಿಗೊಮ್ಮೆ ಪ್ಲಗ್ ತಗದು ಓಡಿಸಿ ನೋಡ್ರಿ. ಯಂತ್ರ ಒಂದು ಚಕ್ರದ ಟ್ರಾಲಿ ಮ್ಯಾಲೆ ಇಡ್ರಿ, ಜೊತಿಗೆ ಕಾಲಿಲೆ ತುಳಿಯೂ ಸಕ್ಷನ್ ಪಂಪ್ ಒಂದು ಟ್ರಾಲಿ ಕೆಳಗ ಇರ್ಲಿ. ಕರೆಂಟ್ ದೂರಿಗೆ 1912, ಆಂಬುಲೆನ್ಸಿಗೆ 108. ಈ ಎರಡು ನಂಬರ್ ಗ್ವಾಡಿ ಮ್ಯಾಲೆ ಇರಾಕ ಬೇಕು.

ಸಾಗರ ಮರಗೆಲಸ

ಕೋಣೆಯ ಜೋಡಣೆ ಬಗ್ಗೆ. 10 ಅಡಿ ಅಗಲದಲ್ಲಿ 3 ಅಡಿಯ ಎರಡು ಮಂಚಗಳನ್ನು ಎದುರುಬದುರು ಗೋಡೆಗೆ ಹಾಕಿದರೆ ನಡುವೆ 4 ಅಡಿ ಉಳಿಯುತ್ತದೆ. ಒಂದೂವರೆ ಅಡಿ ಅಗಲದ ಟ್ರಾಲಿ ನಿಂತರೂ ಎರಡೂವರೆ ಅಡಿ ಓಡಾಟಕ್ಕೆ ಸಿಗುತ್ತದೆ. ಚಿಕ್ಕವಳ ಮಂಚ ಬಾಗಿಲಿನ ಹತ್ತಿರ ಇರಲಿ, ಸ್ಟ್ರೆಚರ್ ಬಂದರೆ ತಿರುಗಿಸಲು ಜಾಗ ಬೇಕು. ಇಬ್ಬರ ತಲೆಯೂ ಒಂದೇ ಕಡೆ ಬೇಡ. ದೊಡ್ಡವಳ ತಲೆ ವಿರುದ್ಧ ದಿಕ್ಕಿಗೆ ಬಂದರೆ ಆಕ್ಸಿಮೀಟರಿನ ಬೆಳಕು ಅವಳ ಕಣ್ಣಿಗೆ ಹೊಡೆಯುವುದಿಲ್ಲ, ಸಕ್ಷನ್ ಸದ್ದೂ ಆರು ಅಡಿ ದೂರವಾಗುತ್ತದೆ. ಉತ್ತರಕ್ಕೆ ತಲೆ ಹಾಕಬಾರದು ಎಂದು ಮನೆಯ ಹಿರಿಯರು ಹೇಳುವುದಾದರೆ ಮಂಚಗಳನ್ನು ಪೂರ್ವ ಪಶ್ಚಿಮಕ್ಕೆ ತಿರುಗಿಸಿ. 11 ಅಡಿ ಯಾವ ಕಡೆಗಿದೆ ಎಂದು ಮೊದಲು ಅಳೆಯಿರಿ.

ಯಂತ್ರ ಮುಚ್ಚುವ ಪೆಟ್ಟಿಗೆಗೆ ದುಡ್ಡು ಹಾಕಬೇಡಿ, ಸಾಮಾನು ಇಡುವ ಕಪಾಟಿಗೆ ಹಾಕಿ. ಚಿಕ್ಕವಳ ಮಂಚದ ಕಾಲುಬದಿಗೆ 3 ಅಡಿ ಎತ್ತರ, 3 ಅಡಿ ಅಗಲ, 14 ಇಂಚು ಆಳದ ತೆರೆದ ಕಪಾಟು ಒಂದು ಸಾಕು. 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಹಾಕಿಸಿ. ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ಸಿರಿಂಜ್ ನೀರು, ಸಲೈನ್ ಚೆಲ್ಲಿದ ಕಡೆ ಊದಿಕೊಂಡು ಪುಡಿಯಾಗುತ್ತದೆ. ಬಾಗಿಲಿನ ಬದಲು ಪರದೆ. ಎರಡು ಪಕ್ಕದ ಹಲಗೆಯ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡಿಗೆ ಮೊಳೆ ಬೇಕಿಲ್ಲ. ಗುಳೇದಗುಡ್ಡ ಖಣದ ಪರದೆ ಹೊಲಿಸಿದರೆ ಕೋಣೆಗೆ ಬಣ್ಣವೂ ಬರುತ್ತದೆ; ಆದರೆ ಒಳಗೆ ತೊಳೆಯಬಹುದಾದ ಹತ್ತಿ ಅಸ್ತರಿ ಹಾಕಿಸಿ, ನೆಲದಿಂದ ಎರಡು ಇಂಚು ಮೇಲಿರಲಿ. ಕಪಾಟಿನ ನೆತ್ತಿ ಮಕ್ಕಳ ಪುಸ್ತಕಕ್ಕೆ.

ಕೊಕ್ಕೆಗಳಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಗುಬ್ಬಿಗಳು ಸಿಗುತ್ತವೆ. ಒಂದು ಹಲಗೆಗೆ ಐದಾರು ಕೂರಿಸಿ ಮಂಚದ ತಲೆಹಲಗೆಗೆ ಬಿಗಿದರೆ ತುರ್ತು ಚೀಲ, ಕೊಳವೆಯ ಸುರುಳಿ, ಆಕ್ಸಿಮೀಟರ್ ತಂತಿ ಎಲ್ಲವೂ ಅಲ್ಲೇ ಕೂರುತ್ತವೆ. ತಂತಿ, ಕೊಳವೆಯನ್ನು ಗುಬ್ಬಿಗೆ ಬಿಗಿಯಾಗಿ ಸುತ್ತಬೇಡಿ, ಅಂಗೈ ಅಗಲದ ಸುರುಳಿ ಮಾಡಿ ನೇತುಹಾಕಿ. ಹೊಸ ಪ್ಲೈವುಡ್, ಪಾಲಿಶ್, ಪೇಂಟ್ ವಾಸನೆ ಹೋಗುವವರೆಗೆ, ಕಡಿಮೆಯೆಂದರೆ ಹತ್ತು ದಿನ, ಕಪಾಟನ್ನು ಬೇರೆ ಕಡೆ ಗಾಳಿಗೆ ಬಿಟ್ಟಿರಿ.

ಉಡುಪಿ ಹೋಂ ನರ್ಸಿಂಗ್

ಮೇಲಿನವರೆಲ್ಲ ಒಳ್ಳೆಯದೇ ಹೇಳಿದ್ದಾರೆ. ಸಕ್ಷನ್ ಯಂತ್ರಕ್ಕೆ ಕವರ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಿಕ್ಸಿಗೆ ಹಾಕುವಂಥ, ಕೆಳಗೆ ತೆರೆದ, ದಾರ ಗುಂಡಿ ಏನೂ ಇಲ್ಲದ ಕವರ್ ಆದರೆ ಒಂದೇ ಕೈಯಲ್ಲಿ ಎಳೆದು ಎಸೆಯಬಹುದು. ಚಿಕ್ಕವಳು ಶಾಲೆಗೋ ಹಜಾರಕ್ಕೋ ಹೋಗಿ, ಇನ್ನೊಂದು ಯಂತ್ರ ಅವಳ ಜೊತೆಗೆ ಹೋಗಿರುವಾಗ ಹಾಕಿ. ಅವಳು ಕೋಣೆಯಲ್ಲಿರುವಾಗ, ಯಂತ್ರ ಓಡುವಾಗ, ಓಡಿ ಬಿಸಿಯಿರುವಾಗ ಕವರ್ ಬೇಡ. ಒಂದೇ ಯಂತ್ರ ಇರುವ ಮನೆಯಲ್ಲಿ ಅದು ಅವಳು ಹೋದಲ್ಲಿಗೆ ಹೋಗಬೇಕು, ಆದ್ದರಿಂದ ಕವರಿನ ಪ್ರಶ್ನೆಯೇ ಬರುವುದಿಲ್ಲ. ಅದಕ್ಕೇ ಟ್ರಾಲಿ.

ಟ್ರಾಲಿಗೆ ಆಸ್ಪತ್ರೆಯದು ಬೇಡ. ಅಡುಗೆಮನೆಗೆ ಬರುವ ಮೂರು ತಟ್ಟೆಯ ತರಕಾರಿ ಟ್ರಾಲಿ, ಬಣ್ಣದ್ದು, ಬ್ರೇಕ್ ಇರುವ ಚಕ್ರದ್ದು ಸಾಕು. ಎತ್ತರ 75 ಸೆಂ.ಮೀ. ಮೀರದಿರಲಿ. ಸಕ್ಷನ್ ಯಂತ್ರವನ್ನು ನಡುತಟ್ಟೆಯಲ್ಲಿ ಇಡಿ. ಮೇಲಿಟ್ಟರೆ ಭಾರಕ್ಕೆ ಟ್ರಾಲಿ ವಾಲುತ್ತದೆ. ಯಂತ್ರ ಮಗುಚಿದರೆ ಬಾಟಲಿಯ ಕಫ ಫಿಲ್ಟರಿಗೆ ಹತ್ತುತ್ತದೆ, ಫಿಲ್ಟರ್ ಒದ್ದೆಯಾದರೆ ಎಳೆತವೇ ನಿಲ್ಲುತ್ತದೆ. ಹಾಗಾಗಿ ಬದಲಿ ಫಿಲ್ಟರ್ ಎರಡು ಅದೇ ತಟ್ಟೆಯಲ್ಲಿರಲಿ. ಮೇಲಿನ ತಟ್ಟೆಯಲ್ಲಿ ಪೆನ್ನಿನ ಸ್ಟ್ಯಾಂಡಿನಂಥ ಡಬ್ಬದಲ್ಲಿ ಆ ದಿನದ ಕ್ಯಾಥೆಟರ್, ಕೈಗವಸು, ಮುಚ್ಚಳದ ಲೋಟದಲ್ಲಿ ಶುದ್ಧ ನೀರು, ಅಗಲ ಬುಟ್ಟಿಯಲ್ಲಿ ಅಂಬು ಬ್ಯಾಗ್. ಕೆಳಗೆ ನೆಬುಲೈಸರ್, ಕಾಲು ಪಂಪ್.

ಯಂತ್ರದ ಕೆಳಗೆ 10 ಮಿ.ಮೀ. ಫೋಮ್ ಹಾಳೆ ಹಾಕಿದರೆ ತಟ್ಟೆ ನಡುಗುವ ಸದ್ದು ಬಹಳ ಇಳಿಯುತ್ತದೆ; ಗಾಳಿಕಿಂಡಿ ಅಡಿಯಲ್ಲಿದ್ದರೆ ಫೋಮ್ ಕತ್ತರಿಸಿ ಕಾಲುಗಳಿಗಷ್ಟೇ ಇಡಿ. ಎಳೆತದ ಗಡಿಯಾರದ ಮೇಲೆ ವೈದ್ಯರು ಹೇಳಿದ ಮಟ್ಟಕ್ಕೆ, ಮಕ್ಕಳಿಗೆ ಸಾಮಾನ್ಯವಾಗಿ 80ರಿಂದ 100 ಎಂಎಂಎಚ್‌ಜಿ, ಕೆಂಪು ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯಿರಿ. ಕೊಳವೆಯ ಬಾಯಿ ಬೆರಳಿಂದ ಮುಚ್ಚಿ ನೋಡಿದಾಗ ಮುಳ್ಳು ಅಲ್ಲಿ ನಿಲ್ಲಬೇಕು. ಬಾಟಲಿ ಮೂರರಲ್ಲಿ ಎರಡು ಪಾಲು ತುಂಬುವ ಮೊದಲೇ ಖಾಲಿ ಮಾಡಿ. ಮಕ್ಕಳಿಗೆ ಹೇಸಿಗೆ ಅನ್ನಿಸುವುದು ಯಂತ್ರಕ್ಕಿಂತ ಆ ಬಾಟಲಿಯೇ. ಅದಕ್ಕೆ ಸ್ಟಿಕ್ಕರ್ ಹಚ್ಚಿ ಮುಚ್ಚಬೇಡಿ, ಕಫದ ಬಣ್ಣ, ರಕ್ತ ಕಾಣಬೇಕು. ಟ್ರಾಲಿಯನ್ನು ಬಾಟಲಿ ಗೋಡೆಯ ಕಡೆ ಬರುವಂತೆ ತಿರುಗಿಸಿ ನಿಲ್ಲಿಸಿ, ಅಷ್ಟೇ.

ಸ್ಟಿಕ್ಕರ್ ಎಲ್ಲಿ ಹಚ್ಚಬಹುದು ಎಂದರೆ, ಯಂತ್ರದ ನುಣುಪಾದ ಮೈಮೇಲೆ, ಅದೂ ಒರೆಸಿದರೆ ಏಳದ ವಿನೈಲ್ ಸ್ಟಿಕ್ಕರ್. ಗಾಳಿಕಿಂಡಿ, ಮೀಟರ್, ಅಲಾರಂ ದೀಪ, ಸ್ಪೀಕರ್ ಕಿಂಡಿ, ಸೀರಿಯಲ್ ನಂಬರ್ ಬಿಟ್ಟು. ಬಾಡಿಗೆ ಯಂತ್ರವಾದರೆ ವಾಪಸು ಕೊಡುವಾಗ ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಿಸಿ ಮಾಡಿ ಎಳೆದರೆ ಅಂಟು ಉಳಿಯದೆ ಬರುತ್ತದೆ. ಯಾವ ಸ್ಟಿಕ್ಕರ್ ಎಂದು ಚಿಕ್ಕವಳೇ ಆರಿಸಲಿ.

ಸಿಲಿಂಡರ್ ನಿಂತೇ ಇರಬೇಕು. ಡ್ರಿಲ್ ಇಲ್ಲವಾದ್ದರಿಂದ ಅಗಲ ಬುಡದ ಸಿಲಿಂಡರ್ ಟ್ರಾಲಿಯಲ್ಲಿ ಕೂರಿಸಿ, ಮೂರರಲ್ಲಿ ಎರಡು ಪಾಲು ಎತ್ತರದಲ್ಲಿ ಪಟ್ಟಿ ಬಿಗಿದು ಕಬ್ಬಿಣದ ಮಂಚದ ಕಾಲಿಗೂ ಒಂದು ಪಟ್ಟಿ ಕಟ್ಟಿ. ಕಪ್ಪು ಮೈಗೆ ಹತ್ತಿಬಟ್ಟೆಯ ಕವರ್ ಹೊಲಿಸಬಹುದು, ಜಿರಾಫೆಯೋ ತೆಂಗಿನಮರವೋ ಆಗಲಿ. ಬಿಳಿ ಭುಜ, ವಾಲ್ವ್, ಗೇಜ್ ಬರಿದಾಗಿರಬೇಕು, ಬಟ್ಟೆಗೆ ಎಣ್ಣೆ ಸೋಕಿರಬಾರದು. ಕೀಲಿಯನ್ನು ಸರಪಣಿಯಲ್ಲಿ ಸಿಲಿಂಡರಿಗೇ ಕಟ್ಟಿ.

ರಟ್ಟಿನ ಡಬ್ಬ ಇವತ್ತೇ ಬಿಸಾಕಿ. ಮಳೆಗಾಲದಲ್ಲಿ ತೇವ ಹೀರುತ್ತದೆ, ಜಿರಳೆ ಮೊಟ್ಟೆ ಇಡುತ್ತದೆ. ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಪುಡಿಕೆ. ಕೋಣೆಯಲ್ಲಿ ಮೂರು ದಿನದ್ದು ಮಾತ್ರ ಇರಲಿ, ಉಳಿದದ್ದು ಬೇರೆ ಕೋಣೆಯ ಅಟ್ಟಕ್ಕೆ. ಮೂರು ದಿನಕ್ಕೊಮ್ಮೆ ತುಂಬಿಸಿ, ಅವಧಿ ಮೊದಲು ಮುಗಿಯುವುದು ಮುಂದೆ. ಕ್ಯಾಥೆಟರ್ ಕಟ್ಟಿಗೆ ರಬ್ಬರ್ ಬ್ಯಾಂಡ್ ಬಿಗಿಯಬೇಡಿ, ಮಡಿಕೆ ಬಿದ್ದ ಕಡೆ ಕಾಗದದ ಹೊದಿಕೆ ಬಿರಿದು ಒಳಗಿನದು ಕ್ರಿಮಿರಹಿತವಾಗಿ ಉಳಿಯುವುದಿಲ್ಲ.

ಫೀಡ್ ಸ್ಟ್ಯಾಂಡ್ ರಾತ್ರಿಯ ಫೀಡಿಗೆ ಬೇಕು, ಹಗಲು ಬೇಡ. ಮಡಚುವಂಥದ್ದು ತೆಗೆದುಕೊಂಡು ಬಾಗಿಲ ಹಿಂದೆ ನಿಲ್ಲಿಸಿ. ಪುಡಿ ಕಲಸಿದ ಫೀಡ್ ಚೀಲದಲ್ಲಿ 4 ಗಂಟೆ, ಮನೆಯಲ್ಲಿ ರುಬ್ಬಿದ್ದು 2 ಗಂಟೆ ಮೀರಿ ನೇತಾಡಬಾರದು. ಆದ್ದರಿಂದ ಮಲಗುವ ಮುನ್ನ ಕೊಟ್ಟು ಮುಗಿಸಿ, ಟ್ಯೂಬಿಗೆ ನೀರು ಹಾಯಿಸಿ, ಚೀಲ ತೊಳೆಯಲು ಒಳಗೆ ಹೋಗಲಿ. ತಲೆಬದಿ 30 ಡಿಗ್ರಿ ಎತ್ತರ, ಫೀಡ್ ಮುಗಿದ ಮೇಲೂ ಅರ್ಧ ಗಂಟೆ. ಸ್ಟ್ಯಾಂಡಿನ ಬುಡ ಗೋಡೆಗೆ ತಾಗಿದರೆ ಇರುವೆ ಹತ್ತುತ್ತದೆ, ಅರ್ಧ ಅಡಿ ದೂರ ನಿಲ್ಲಿಸಿ. ಇರುವೆಪುಡಿ, ಸ್ಪ್ರೇ ಆ ಕೋಣೆಗೆ ಬೇಡ. ಸಿರಿಂಜ್ ಒಣಗಿಸುವುದು ಅಡುಗೆಮನೆಯಲ್ಲಿ, ಜಾಲರಿ ಮುಚ್ಚಳದ ಡಬ್ಬದಲ್ಲಿ. ಮಕ್ಕಳ ಓದುವ ಮೇಜಿನ ಮೇಲೆ ಅಲ್ಲ.

ಮೈಸೂರಿನ ಅಮ್ಮ

ತುಂಬಾ ಉಪಕಾರವಾಯಿತು. ಮೂರು ಪ್ರಶ್ನೆ ಉಳಿದಿವೆ. ಬಳಸಿದ ಕ್ಯಾಥೆಟರ್ ಕಸ ಕೋಣೆಯಲ್ಲಿ ಎಲ್ಲಿ? ರಾತ್ರಿ ಅಲಾರಂ ಬಂದರೆ ದೊಡ್ಡವಳು ಎದ್ದು ಕೂರುತ್ತಾಳೆ, ಸದ್ದು ಕಡಿಮೆ ಮಾಡಬಹುದೇ? ಕಾನ್ಸಂಟ್ರೇಟರ್ ಹೊರಗಿಟ್ಟರೆ ಕೊಳವೆ ಬಾಗಿಲಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ?

ಉಡುಪಿ ಹೋಂ ನರ್ಸಿಂಗ್

ಕಾಲಿಂದ ತುಳಿದು ತೆರೆಯುವ ಸಣ್ಣ ಮುಚ್ಚಳದ ಬುಟ್ಟಿ, ಟ್ರಾಲಿಯ ಪಕ್ಕ. ಕ್ಯಾಥೆಟರನ್ನು ಕೈಗೆ ಸುತ್ತಿಕೊಂಡು ಗವಸನ್ನು ಅದರ ಮೇಲೆ ತಿರುಚಿ ತೆಗೆದರೆ ಒಳಗೇ ಉಳಿಯುತ್ತದೆ. ದಿನಾ ರಾತ್ರಿ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ, ಹಸಿ ಕಸ ಒಣ ಕಸದ ಜೊತೆ ಬೆರೆಸಬೇಡಿ. ಬೆಂಗಳೂರಿನವರು ಕೆಂಪು ಬುಟ್ಟಿಗೆ ಹಾಕುತ್ತಾರೆ. ಸೂಜಿ ಇದ್ದರೆ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿ ಆಸ್ಪತ್ರೆಗೇ ಒಯ್ಯಿರಿ.

ದೊಡ್ಡವಳ ಪಾಲಿನ ಕೋಣೆಗೂ ಒಂದು ಗೆರೆ ಇರಲಿ. ಅವಳ ಕಪಾಟು, ಅವಳ ಮೇಜು, ಅವಳ ಮಂಚದ ಅಡಿ, ಇಲ್ಲಿ ಒಂದೇ ಒಂದು ಸಿರಿಂಜ್ ಕೂಡ ಇಡಬೇಡಿ, ಜಾಗ ಎಷ್ಟೇ ಕಡಿಮೆ ಇರಲಿ. ಅವಳಿಗೆ ಬೀಗ ಹಾಕುವ ಡ್ರಾಯರ್ ಒಂದು, ಸ್ವಂತ ದೀಪ ಒಂದು ಕೊಡಿ. ಗೆಳತಿಯರು ಬಂದಾಗ ಟ್ರಾಲಿ ಕಾಣುವುದೋ ಬೇಡವೋ ಎನ್ನುವುದನ್ನು ಚಿಕ್ಕವಳನ್ನು ಕೇಳಿ ನಿರ್ಧರಿಸಿ. ಅದು ಅವಳ ಮೈಗೆ ಸಂಬಂಧಪಟ್ಟದ್ದು. ಬೇಡ ಎಂದರೆ ಗೆಳತಿಯರು ಹಜಾರದಲ್ಲಿ ಕೂರಲಿ, ಟ್ರಾಲಿಯನ್ನು ಅವಳಿಂದ ದೂರ ತಳ್ಳುವುದು ಬೇಡ.

ಶ್ವಾಸ ಥೆರಪಿ, ಬೆಂಗಳೂರು

ಅಲಾರಂ ಸದ್ದನ್ನು ಇಳಿಸಬೇಡಿ, ಸುಳ್ಳು ಅಲಾರಂ ಇಳಿಸಿ. ರಾತ್ರಿ ಬರುವ ಹೆಚ್ಚಿನ ಅಲಾರಂಗಳು ಬೆರಳಿನ ಪ್ರೋಬ್ ಸರಿದದ್ದರಿಂದ ಬರುತ್ತವೆ. ಕ್ಲಿಪ್ ಬದಲು ಸುತ್ತುವ ಪ್ರೋಬನ್ನು ಕಾಲಿನ ಹೆಬ್ಬೆರಳಿಗೆ ಹಾಕಿ, ಮೇಲೆ ಸಡಿಲ ಕಾಲುಚೀಲ ತೊಡಿಸಿ. ಕೈಯ ಹಾಗೆ ಎಳೆದಾಡುವುದಿಲ್ಲ, ಕೆಂಪು ಬೆಳಕೂ ಮುಚ್ಚುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಜಾಗ ಬದಲಿಸಿ, ಇಲ್ಲದಿದ್ದರೆ ಚರ್ಮ ಕೆಂಪಾಗುತ್ತದೆ. ಅಲಾರಂ ಮಿತಿಯನ್ನು ನಿಮ್ಮ ವೈದ್ಯರಷ್ಟೇ ಬದಲಿಸಬೇಕು. ಪರದೆಯ ಬೆಳಕನ್ನು ಮೆನುವಿನಲ್ಲಿ ಇಳಿಸಬಹುದು.

ಟ್ರೇಕಿಯಾಸ್ಟಮಿ ಆದ ಮಗು ಅತ್ತರೂ ಸದ್ದು ಬಾರದಿರಬಹುದು. ಹಾಗಾಗಿ ನಿಸ್ತಂತು ಕಾಲಿಂಗ್ ಬೆಲ್‌ನ ಎರಡು ಬಟನ್ ತನ್ನಿ: ಒಂದು ಅವಳ ಕೈಯಳತೆಯಲ್ಲಿ, ಒಂದು ಅಕ್ಕನ ತಲೆದಿಂಬಿನ ಹತ್ತಿರ, ಗಂಟೆ ನಿಮ್ಮ ಕೋಣೆಯಲ್ಲಿ. ಅಕ್ಕನ ಕೆಲಸ ಬೆಲ್ ಒತ್ತುವುದು ಮಾತ್ರ, ಸಕ್ಷನ್ ಮಾಡುವ ಹೊಣೆ ಹನ್ನೊಂದರ ಮಗುವಿನ ಮೇಲೆ ಬೇಡ ಎಂದು ಅವಳಿಗೂ ಬಾಯಿಬಿಟ್ಟು ಹೇಳಿ. ನೆಬುಲೈಸ್ ಮಾಡುವಾಗ ಕುತ್ತಿಗೆಯ ಟ್ಯೂಬಿಗೆ ಹಾಕುವ, ಉಸಿರಿನ ಬಿಸಿ ತೇವ ಹಿಡಿದಿಡುವ ಎಚ್‌ಎಂಇ ಫಿಲ್ಟರ್ ತೆಗೆದಿಡಬೇಕು, ಅದಕ್ಕೆ ಟ್ರಾಲಿಯಲ್ಲಿ ಮುಚ್ಚಳದ ಪುಟ್ಟ ಡಬ್ಬಿ ಇಡಿ. ಇಲ್ಲದಿದ್ದರೆ ದಿಂಬಿನ ಕೆಳಗೆ ಸೇರಿಕೊಂಡು ಹುಡುಕಾಟವಾಗುತ್ತದೆ.

ಸಾಗರ ಮರಗೆಲಸ

ಬಾಗಿಲಿನ ಕೆಳಸಂದು ಅಳೆಯಿರಿ. ಆಕ್ಸಿಜನ್ ಕೊಳವೆಯ ಹೊರ ಅಳತೆ 6-7 ಮಿ.ಮೀ. ಇರುತ್ತದೆ, ಸಂದು 12 ಮಿ.ಮೀ. ಇದ್ದರೆ ಉಜ್ಜದೆ ಹಾಯುತ್ತದೆ. ಹೊಸ್ತಿಲಿದ್ದು ಸಂದು ಇಲ್ಲದಿದ್ದರೆ ಬಾಗಿಲನ್ನು ಕೆತ್ತಬೇಡಿ, ಮಾಲೀಕರ ಸೊತ್ತು. ಕೀಲಿನ ಬದಿಯಲ್ಲಿ ಹಾಯಿಸುವುದೂ ತಪ್ಪು, ಬಾಗಿಲು ಹಾಕುವಾಗ ಕತ್ತರಿಯಂತೆ ಒತ್ತುತ್ತದೆ. ಚಿಲಕದ ಬದಿಯ ಕೆಳಮೂಲೆಯಲ್ಲಿ ಕೊಳವೆ ಹಾಯಿಸಿ, ಬಾಗಿಲು ಎರಡು ಇಂಚು ತೆರೆದೇ ನಿಲ್ಲುವಂತೆ ಎರಡೂ ಕಡೆ ರಬ್ಬರ್ ಬೆಣೆ ಕೊಡಿ. ಕೊಳವೆ ಹೊಸ್ತಿಲು ದಾಟುವ ಅಷ್ಟು ಉದ್ದಕ್ಕೆ ಅರ್ಧಕ್ಕೆ ಸೀಳಿದ ಗಟ್ಟಿ ಪಿವಿಸಿ ಪೈಪನ್ನು ಬೋರಲು ಹಾಕಿ, ಹಳದಿ ಟೇಪಿನಲ್ಲಿ ನೆಲಕ್ಕೆ ಅಂಟಿಸಿ. ಹಳದಿಯೇ ಇರಲಿ, ನೆಲದ ಬಣ್ಣಕ್ಕೆ ಹೊಂದಿಸಬೇಡಿ, ರಾತ್ರಿ ಕಾಲಿಗೆ ಎಡವುವುದು ಅದೇ ಜಾಗ.